ದೇವಮ್ಮನ ನೀರಿನ ನಕ್ಷೆ

ನಿನ್ನೆ ರಾಯಚೂರಿನ ಒಂದು ಸ್ಟೇಷನರಿ ಅಂಗಡಿಯಲ್ಲಿ ಹಸಿರು ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದು ಮೂಸಿ ನೋಡಿದೆ. ತಲೆ ನೆರೆತವನೊಬ್ಬ ಹೀಗೆ ಪೆನ್ನು ಮೂಸುವುದನ್ನು ಕಂಡು ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ನಗಲಿ ಬಿಡಿ. ಮಾಸ್ತರಿಕೆಯಿಂದ ನಾನು ನಿವೃತ್ತನಾದರೂ ನನ್ನ ಮೂಗು ಇನ್ನೂ ಆಗಿಲ್ಲ.

ಆ ವಾಸನೆಗೆ ದೇವದುರ್ಗದ ಹತ್ತಿರ ನಾನಿದ್ದ ಶಾಲೆ ನೆನಪಾಯಿತು. ಆಗ ರಾಯಚೂರಿನಲ್ಲಿ ಮೂರು ದಿನದ ತರಬೇತಿ ಮುಗಿಸಿ, ಅಲ್ಲಿ ಕೊಟ್ಟ ಹನ್ನೆರಡು ಬಣ್ಣದ ಪೆನ್ನುಗಳನ್ನು ಜೇಬಿಗೆ ಸಿಕ್ಕಿಸಿಕೊಂಡು ಮದುಮಗನ ಹಾಗೆ ಬಂದಿದ್ದೆ. ಅಲ್ಲಿ ಹೇಳಿದ್ದು ಇಷ್ಟೇ: ಹಾಳೆಯ ನಡುವೆ ಒಂದು ಪದ ಬರೆದು, ಅದರಿಂದ ಮಕ್ಕಳಿಗೆ ಏನೇನು ಹೊಳೆಯುತ್ತದೋ ಅದನ್ನೆಲ್ಲ ಕೊಂಬೆ ಕೊಂಬೆಯಾಗಿ ಬಿಡಿಸಬೇಕು. ಹೆಸರು ಮೈಂಡ್ ಮ್ಯಾಪ್. ಮಕ್ಕಳು ಸ್ವಂತವಾಗಿ ಯೋಚಿಸಲಿ ಅನ್ನುವುದು ಅದರ ಉದ್ದೇಶ. ನಾನೇನು ಮಾಡಿದೆ ಗೊತ್ತೇ? ಬೋರ್ಡಿನ ನಡುವೆ 'ನೀರು' ಎಂದು ಬರೆದು, ಆರು ಕೊಂಬೆ ನಾನೇ ಎಳೆದು, ಮೂಲಗಳು, ಉಪಯೋಗಗಳು ಎಂದು ನಾನೇ ತುಂಬಿ, ಎಲ್ಲರೂ ಹೀಗೇ ಬರೆಯಿರಿ ಅಂದೆ. ಸ್ವಂತ ಯೋಚನೆಯನ್ನೂ ಕಾಪಿ ಮಾಡಿಸಿದ ಶೂರ ನಾನು.

ಐದನೇ ತರಗತಿಯ ದೇವಮ್ಮ ಮಾತ್ರ ಬೋರ್ಡು ನೋಡಲಿಲ್ಲ. ಕುರಿ ಕಾಯುವವರ ಮನೆಯ ಹುಡುಗಿ; ಅರ್ಧ ವರ್ಷ ಶಾಲೆ, ಅರ್ಧ ವರ್ಷ ಕುರಿಹಿಂಡಿನ ಹಿಂದೆ. ಅವಳ ಹಾಳೆಯಲ್ಲಿ ನೀರಿನಿಂದ ಹೊರಟ ಕೊಂಬೆ ಕುರಿಗೆ, ಕುರಿಯಿಂದ ಸಿರವಾರದ ಕಾಲುವೆಗೆ, ಕಾಲುವೆಯಿಂದ ಹಿಂಡನ್ನು ಓಡಿಸುವ ಗದ್ದೆಯವನ ಬಡಿಗೆಗೆ ಹೋಗಿತ್ತು. ಇನ್ನೊಂದರ ತುದಿಯಲ್ಲಿ ಕೊಡ ಹೊತ್ತೂ ಹೊತ್ತೂ ಕೂದಲು ಸವೆದ ಅವ್ವನ ನೆತ್ತಿ. ಹಾಳೆ ತುಂಬ ಹೀಗೆ ಏನೇನೋ. ನನಗೋ ಆ ವಾರ ತಪಾಸಣೆಗೆ ಸಾಹೇಬರು ಬರುವ ಚಿಂತೆ. ಎಲ್ಲರ ನೋಟ್‌ಬುಕ್ಕೂ ಒಂದೇ ಥರ ಇರಬೇಕಿತ್ತು.

"ಯಾಕವ್ವಾ, ಬೋರ್ಡ್ ಕಾಣಂಗಿಲ್ಲೇನು?" ಅಂದೆ.

"ನಂಗ ಹೊಳದದ್ದು ಬರದೀನ್ರೀ ಸರ್," ಅಂದಳು ಮೆಲ್ಲಗೆ.

ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಹೊಡೆದೆ. ಮರುದಿನದಿಂದ ಅವಳಷ್ಟು ಚೆಂದ ಕಾಪಿ ಮಾಡುವವರು ತರಗತಿಯಲ್ಲಿ ಇನ್ನೊಬ್ಬರಿರಲಿಲ್ಲ. ಸಾಹೇಬರು ಮೆಚ್ಚಿದರು, ನಾನೂ ಉಬ್ಬಿದೆ. ನನ್ನ ಬುದ್ಧಿಗಿಷ್ಟು!

ಹೋದ ತಿಂಗಳು ಮಾನ್ವಿಯ ಒಂದು ಶಾಲೆಗೆ ಅತಿಥಿಯಾಗಿ ಹೋಗಿದ್ದೆ. ಅಲ್ಲಿನ ಟೀಚರಮ್ಮ ಬಂದು ಕಾಲು ಮುಟ್ಟಿದಳು. ನೋಡಿದರೆ ದೇವಮ್ಮ! ನನಗೆ ಕಣ್ಣು ತುಂಬಿ ಬಂತು. ತನ್ನ ತರಗತಿಗೆ ಕರೆದೊಯ್ದಳು. ಗೋಡೆಯ ಮೇಲೆ ದೊಡ್ಡ ಚಾರ್ಟು: ನಡುವೆ 'ನೀರು', ಸುತ್ತ ಆರು ಕೊಂಬೆ, ಎಲ್ಲ ನನ್ನ ಮಾತುಗಳೇ. ನಮ್ಮ ಹಳೆಯ ಬೋರ್ಡು ಬಿರುಕು ಬಿಟ್ಟಿದ್ದರಿಂದ ನಾನು ಸೊಟ್ಟಗೆ ಎಳೆದಿದ್ದ ಆರನೇ ಕೊಂಬೆ ಇಲ್ಲೂ ಸೊಟ್ಟಗೇ ಇತ್ತು.

"ನೀವು ಕಲಿಸಿದ್ದೇ ರೀ ಸರ್. ನಮ್ಮ ಹುಡುಗ್ರು ಒಂದ್ ಗೆರಿನೂ ತಪ್ಪಂಗಿಲ್ಲ," ಅಂದಳು.

ಮೇಜಿನ ಮೇಲೆ ಒಂದು ನೋಟ್‌ಬುಕ್ಕು ತೆರೆದಿತ್ತು. ಯಾವ ಮಗುವೋ ನೀರಿನ ಪಕ್ಕ ಟ್ಯಾಂಕರ್ ಬಿಡಿಸಿ, ಅದರ ಹಿಂದೆ ಓಡುವ ಜನರನ್ನು ಬಿಡಿಸಿತ್ತು. ಅದರ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ. ಆಗಲೇ ಹೇಳಬೇಕಿತ್ತು. ಅವಳ ಮುಖದ ಹಿಗ್ಗು ನೋಡುತ್ತ ಚಹಾ ಕುಡಿದು, ಶಾಲು ಹೊದೆಸಿಕೊಂಡು ಬಸ್ಸು ಹತ್ತಿದೆ.

ಈಗ ನಿನ್ನೆ ಆ ಅಂಗಡಿಯಿಂದ ತಂದ ಖಾಲಿ ಚಾರ್ಟು ಹಾಸಿಕೊಂಡು ಕೂತಿದ್ದೇನೆ. ಐದನೇ ತರಗತಿಯಲ್ಲಿ ಅವಳು ಬರೆದಿದ್ದ ನಕ್ಷೆಯನ್ನು ಹಾಗೆಯೇ ಬರೆದು ಅವಳ ಕೈಗಿಟ್ಟು, ತಪ್ಪು ನನ್ನದು ಅಂತ ಹೇಳಬೇಕು. ಕುರಿ ಬರೆದೆ, ಕಾಲುವೆ ಬರೆದೆ, ಬಡಿಗೆ ಬರೆದೆ, ಅವ್ವನ ನೆತ್ತಿ ಬರೆದೆ. ಮುಂದೆ? ನಾನು ಹೊಡೆದ ಗೆರೆ ಕಣ್ಣಿಗೆ ಕಟ್ಟಿದ ಹಾಗಿದೆ, ಅದರ ಕೆಳಗಿದ್ದದ್ದು ನೆನಪಿಗೆ ಬರುತ್ತಿಲ್ಲ. ನಾಳೆ ಬೆಳಿಗ್ಗೆ ಮಾನ್ವಿ ಬಸ್ಸು ಹಿಡಿಯುತ್ತೇನೆ. ಈ ಅರ್ಧ ಚಾರ್ಟನ್ನು ಅವಳ ಮುಂದೆ ಹಾಸಿ, ಉಳಿದದ್ದನ್ನು ಅವಳನ್ನೇ ಕೇಳುತ್ತೇನೆ. ಅವಳಿಗೂ ಮರೆತುಹೋಗಿದ್ದರೆ ಏನು ಮಾಡಲಿ, ನೀವೇ ಹೇಳಿ.