ಗೆರೆ ಒಡೆಯದ ಪುಡಿ

ಶ್ರೀರಂಗಪಟ್ಟಣದ ಗಂಜಾಂನ ಅಕ್ಕಸಾಲಿ ಕೆಂಪಾಚಾರಿಯವರ ಮಗ ದೇವರಾಜು ಮೈಸೂರಿನ ಲ್ಯಾಬೊಂದರಲ್ಲಿ ಐದು ವರ್ಷದಿಂದ ತಯಾರಿಸುತ್ತಿದ್ದದ್ದು ಬೇರಿಯಂ ಟೈಟನೇಟ್ ಎಂಬ ಬಿಳಿ ಪುಡಿ. ಪಿಎಚ್‌.ಡಿ. ಅಂದರೆ ಸುಣ್ಣ ಮಾಡುವುದಾ ಎಂದು ನೆಂಟರು ನಗುತ್ತಿದ್ದರು. ನಗಲಿ ಬಿಡಿ, ಅವರಿಗೇನು ಗೊತ್ತು.

ಆ ಪುಡಿಯ ಗುಣ ಪುಸ್ತಕದಲ್ಲೇ ಇದೆ. ನೂರಿಪ್ಪತ್ತು ಡಿಗ್ರಿಗಿಂತ ಕೆಳಕ್ಕೆ ತಣಿದರೆ ಅದರ ಹರಳು ಒಂದು ಕಡೆಗೆ ತುಸು ಉದ್ದವಾಗುತ್ತದೆ. ಎಕ್ಸ್‌ರೇ ನಕ್ಷೆಯಲ್ಲಿ ಒಂದು ಗೆರೆ ಒಡೆದು ಎರಡಾಗುತ್ತದೆ. ದೇವರಾಜುವಿನ ಅತಿ ಸಣ್ಣ ಕಣದ ಪುಡಿಯಲ್ಲಿ ಮಾತ್ರ ಗೆರೆ ಒಡೆಯಲಿಲ್ಲ. ಹನ್ನೊಂದು ಸಲ ಮಾಡಿದ, ಹನ್ನೊಂದು ಸಲವೂ ಅದೇ ಕತೆ. ಅದೇ ಪುಡಿಯನ್ನು ಫರ್ನೇಸಿನಲ್ಲಿ ಜೋರಾಗಿ ಕಾಯಿಸಿ ಕಣ ದಪ್ಪವಾದ ಮೇಲೆ ನೋಡಿದರೆ ಗೆರೆ ಒಡೆದಿರುತ್ತಿತ್ತು. ಕಣ ತೀರಾ ಚಿಕ್ಕದಾದರೆ ಹರಳು ರೂಪ ಬದಲಿಸುವುದೇ ಇಲ್ಲ ಎಂದು ಅವನಿಗೆ ಖಾತ್ರಿಯಾಯಿತು.

“ನಿಮ್ಮ ಪುಡಿಯಲ್ಲಿ ಕಲ್ಮಶ ಇತ್ತು, ಕಾಯಿಸಿದಾಗ ಸುಟ್ಟುಹೋಗಿದೆ, ಅಷ್ಟೇ. ಥೀಸಿಸಿನಲ್ಲಿ ಹಾಗೇ ಬರೀರಿ. ಇಲ್ಲದಿದ್ರೆ ನಾನು ಸಹಿ ಹಾಕಲ್ಲ,” ಎಂದರು ಗೈಡು.

೧೯೯೪ರ ಮಾರ್ಚಿಗೆ ನೋಂದಣಿಯ ಅವಧಿ ಮುಗಿಯುತ್ತಿತ್ತು. ಗೈಡನ್ನು ಬದಲಿಸುವಷ್ಟು ಹೊತ್ತಿರಲಿಲ್ಲ. ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಕೂತು ಅವನು ದಾರಿಯುದ್ದಕ್ಕೂ ಉಳಿದ ದಿನ ಎಣಿಸುತ್ತಿದ್ದ.

ತಡೆಯಲಾರದೆ ಅಪ್ಪನಿಗೆ ಹೇಳಿದ. ಕೆಂಪಾಚಾರಿ ಉಂಗುರಕ್ಕೆ ಅರ ಹಾಕುವುದನ್ನು ನಿಲ್ಲಿಸಿದರು.

“ಅರದ ಪುಡಿನೂ ಚಿನ್ನವೇ ಕಣ್ಲಾ. ಚಿಕ್ದಾದ್ರೆ ಗುಣ ಎಲ್ಲಿಗೋಯ್ತದೆ? ನಿಮ್ಮ ಮೇಷ್ಟ್ರು ಏಳೋದೇ ಸರಿ, ಬೆರಕೆ ಸೇರ್ಕಂಡದೆ.”

“ಇಲ್ಲ ಕಣಪ್ಪ. ನನ್ ಕೈಯಾರೆ ಮಾಡಿವ್ನಿ, ಅದ್ರಾಗೆ ಬೆರಕೆ ಇಲ್ಲ.”

ಕೆಂಪಾಚಾರಿ ಅರವನ್ನು ಪಕ್ಕಕ್ಕಿಟ್ಟರು. “ಅಂಗಾದ್ರೆ ಬರೀಬ್ಯಾಡ. ಸುದ್ದವಾಗಿರದ್ನ ಬೆರಕೆ ಅಂತ ಒಪ್ಕಂಡ್ರೆ, ನಾಳೆ ನಿನ್ ಕೈನ ಯಾರ್ಲಾ ನಂಬ್ತಾರೆ?”

ಹೇಳುವುದು ಸುಲಭ. ಬರೆಯದಿದ್ದರೆ ಐದು ವರ್ಷ ನೀರಿಗೆ ಹೋದಂತೆ, ಕೈಗೆ ಬಂದಿದ್ದ ಕಾಲೇಜಿನ ಕೆಲಸವೂ ಹೋದಂತೆ. ದೇವರಾಜು ಬರೆದ. ನಾಲ್ಕನೇ ಅಧ್ಯಾಯದಲ್ಲಿ ಒಂದೇ ಒಂದು ಸಾಲು, ಪುಡಿಯಲ್ಲಿ ಕಲ್ಮಶವಿತ್ತು ಎಂದು. ಬರೆಯುವಾಗ ನಾಚಿಕೆಯಿಂದ ಅವನ ಕಿವಿ ಕಾದುಹೋಗಿತ್ತು. ಗೈಡು ಅಂದೇ ಸಹಿ ಹಾಕಿದರು. ಅಪ್ಪನಿಗೆ ಮಾತ್ರ ಅವನು ಹೇಳಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಕೆಂಪಾಚಾರಿ ಬಿಳಿ ಪಂಚೆ ಉಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಇಂಗ್ಲಿಷಿನ ಮಾತೆಲ್ಲ ಮುಗಿದ ಮೇಲೆ, ಹೊರಗಿನಿಂದ ಬಂದಿದ್ದ ಪರೀಕ್ಷಕರು ನೇರವಾಗಿ ಅವರ ಬಳಿ ಬಂದು ಕನ್ನಡದಲ್ಲಿ ಹೇಳಿದರು:

“ಯಜಮಾನ್ರೇ, ತನ್ನ ಪುಡಿಯಲ್ಲಿ ಕಲ್ಮಶ ಇತ್ತು ಅಂತ ಒಪ್ಕೊಳ್ಳೋ ಪ್ರಾಮಾಣಿಕತೆ ಈ ಕಾಲದಲ್ಲಿ ಯಾರಿಗಿದೆ? ಒಳ್ಳೇ ಮಗನ್ನ ಬೆಳೆಸಿದೀರಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ದೇವರಾಜು ಪರೀಕ್ಷಕರಿಗೆ ಕೈ ಮುಗಿದ. ಕೆಂಪಾಚಾರಿ “ಊಂ ಸ್ವಾಮಿ” ಎಂದು ತಲೆ ತಗ್ಗಿಸಿದರು. ಮಗನ ಕಡೆ ನೋಡಲಿಲ್ಲ.