ಮಾಸ್ಟರ್ ಕಟ್ಟಿಕೊಂಡ ಗುಂಡಿ ಹಲ್ಲು

ಮೊದಲು ಆ ಫೋನು ಕೆಳಗಿಡು. ಇಟ್ಟೆಯಾ? ಹಾಂ, ಈಗ ಕೇಳು. ಒಂದು ಹಲ್ಲು ಜುಮ್ಮೆನ್ನುತ್ತದೆ ಅಂತ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡು ಕೂತಿದ್ದೀಯಲ್ಲ, ನಿನ್ನ ಚಿಕ್ಕಜ್ಜನ ಕಥೆ ಕೇಳಿದರೆ ನಿನ್ನದು ಏನೂ ಅಲ್ಲ ಅನ್ನಿಸೀತು. ಚಿಕ್ಕಜ್ಜ ಅಂದರೆ ನನ್ನ ಮೈದುನ, ಅದೇ ನಮ್ಮ ಟೈಲರು. ಬೀದಿಗೆಲ್ಲ ಅವನು ‘ಮಾಸ್ಟ್ರು’. ಅವನ ಹಲ್ಲಿನ ಸುದ್ದಿ ಈ ಮನೆಯಲ್ಲಿ ಎಲ್ಲರಿಗೂ ಅರ್ಧರ್ಧ ಗೊತ್ತು. ಪೂರ್ತಿ ಹೇಳಿದ್ದು ನನಗೊಬ್ಬಳಿಗೆ, ಅದೂ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು.

ಅವನ ಅಂಗಡಿ ನೋಡಿದ್ದೀಯಲ್ಲ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಂದು ಕಡೆ ತಾರಸಿ ಇಳಿಜಾರು, ಹೊಸ ಗಿರಾಕಿ ಬಂದರೆ ಅಳತೆ ಕೊಡುವ ಮೊದಲು ಒಂದು ಸಲ ಅದಕ್ಕೆ ತಲೆ ಬಡಿದುಕೊಂಡೇ ಒಳಗೆ ಬರಬೇಕು. ಮೇಲಿನ ಮನೆಯವರು ದಡದಡ ಇಳಿದರೆ ಬಲ್ಬು ಅಲ್ಲಾಡುತ್ತದೆ, ಅವರು ಇಳಿಯುವುದೂ ಇವನು ಸೂಜಿಗೆ ದಾರ ಪೋಣಿಸುವ ಹೊತ್ತಿಗೇ. ಪಕ್ಕದಲ್ಲಿ ಜೆರಾಕ್ಸ್ ಅಂಗಡಿ, ಅದರ ಮೆಶಿನ್ನು ದಿನವಿಡೀ ನೆಗಡಿ ಬಂದವರ ಹಾಗೆ ಸುರ್ ಸುರ್ ಅನ್ನುತ್ತದೆ. ಇವೆಲ್ಲದರ ನಡುವೆ ಮೂವತ್ತೊಂದು ವರ್ಷ ಕೂತು ಹೊಲಿದಿದ್ದಾನೆ. ಬೈದಾಡಿದವನಲ್ಲ, ಬಾಡಿಗೆ ತಪ್ಪಿಸಿದವನಲ್ಲ. ನನ್ನ ಮದುವೆಯಾದ ಹೊಸತರಲ್ಲಿ, ಅವನಿನ್ನೂ ಕೆಲಸ ಕಲಿಯುತ್ತಿದ್ದಾಗ, ನನ್ನ ರವಿಕೆಯನ್ನು ಎರಡು ಸಲ ಬಿಗಿ ಹೊಲಿದಿದ್ದ, ಅದು ಬೇರೆ ಮಾತು, ಅದನ್ನು ಇನ್ನೊಂದು ದಿನ ಹೇಳುತ್ತೇನೆ.

ಅವನ ಕತ್ತರಿ ಇದೆಯಲ್ಲ, ಮೊಳಕೈ ಉದ್ದದ್ದು, ಅದನ್ನು ಬಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿಸುವುದಿಲ್ಲ. ದಾರ ಕತ್ತರಿಸಿದರೆ ಅದರ ಬಾಯಿ ಮೊಂಡಾಗುತ್ತದಂತೆ. ದಾರಕ್ಕೆಂದೇ ಒಂದು ಚಿಕ್ಕ ಕತ್ತರಿ ಇಟ್ಟಿದ್ದಾನೆ, ಅದು ಬೇಕಾದಾಗ ಎಂದೂ ಸಿಗುವುದಿಲ್ಲ. ಹಾಗಾಗಿ ಹಲ್ಲು. ದಿನಕ್ಕೆ ನೂರು ಸಲ, ಇನ್ನೂರು ಸಲ, ಬಾಗುವುದು, ಕಚ್ಚುವುದು, ಕಟ್. ಮೂವತ್ತೊಂದು ವರ್ಷ ಹೀಗೆ ಮಾಡಿದರೆ ಕಬ್ಬಿಣವೂ ಸವೆಯುತ್ತದೆ, ಇನ್ನು ಹಲ್ಲು ಯಾವ ಲೆಕ್ಕ? ಮುಂದಿನ ಮೇಲ್ಹಲ್ಲಿನ ತುದಿಯಲ್ಲಿ ಸೂಜಿಯ ಕಣ್ಣಿನಂಥ ಒಂದು ಗೀರು ಬಿದ್ದಿತ್ತು, ದಾರ ಅದರಲ್ಲೇ ಹೋಗಿ ಕೂರುತ್ತಿತ್ತು. ಅವನಿಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಒಂದು ದಿನ ಜೀನ್ಸ್ ಪ್ಯಾಂಟಿನ ದಪ್ಪ ದಾರ ಕಚ್ಚಿದಾಗ ಆ ಗೀರಿನಿಂದ ಮೇಲಕ್ಕೆ ಹಲ್ಲು ಚಟಕ್ಕೆಂದು ಒಡೆದು ಎಗರಿತು. ಗಾಬರಿಯಲ್ಲಿ ಇವನು ಏನು ಮಾಡಿದ ಗೊತ್ತಾ? ನೆಲಕ್ಕೆ ಬಿದ್ದ ಗುಂಡುಪಿನ್ನು ಹುಡುಕುವ ಅಯಸ್ಕಾಂತ ಹಿಡಿದು ಮೆಶಿನ್ನಿನ ಕೆಳಗೆಲ್ಲ ಹಲ್ಲು ಹುಡುಕಿದ. ಪಿನ್ನು ಹನ್ನೆರಡು ಸಿಕ್ಕವು, ಹಲ್ಲು ಸಿಗಲಿಲ್ಲ. ಸಿಕ್ಕಿದ್ದರೆ ಹೊಲಿದುಕೊಳ್ಳುತ್ತಿದ್ದನೋ ಏನೋ.

ಆಮೇಲೆ ಶುರುವಾಯಿತು ಡಾಕ್ಟರ ಬೇಟೆ. ಮೊದಲು ಹೋಗಿದ್ದು ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಕ್ಲಿನಿಕ್ಕಿಗೆ. ಚಪ್ಪಲಿಯ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಸಿದರಂತೆ, ಮೀನಿನ ತೊಟ್ಟಿಯ ಎದುರು ಮೆತ್ತನೆ ಸೋಫಾದ ಮೇಲೆ ಕೂರಿಸಿದರಂತೆ. ಆ ಸೋಫಾದಲ್ಲಿ ಕೂತಾಗಲೇ ಇವನಿಗೆ ಅರ್ಧ ಲೆಕ್ಕ ಗೊತ್ತಾಯಿತು. ಬೇರಿನ ಚಿಕಿತ್ಸೆ, ಅದರ ಮೇಲೆ ಕಡ್ಡಿ, ಕಡ್ಡಿಯ ಮೇಲೆ ಟೋಪಿ ಅಂತ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿ ಕೆಳಗೆ ಒಂದು ಮೊತ್ತ ಬರೆದರು. ಇವನು ದುಡ್ಡನ್ನು ದುಡ್ಡಿನಲ್ಲಿ ಎಣಿಸುವವನಲ್ಲ, ಹೊಲಿಗೆಯ ಕೂಲಿಯಲ್ಲಿ ಎಣಿಸುವವನು.

“ಎಷ್ಟಂತೆ?” ಅಂತ ಹೆಂಡತಿ ಕೇಳಿದ್ದಕ್ಕೆ, “ಅರವತ್ತು ಪ್ಯಾಂಟು” ಅಂದ.

“ಒಂದು ಹಲ್ಲಿಗಾ?”

“ಒಂದಕ್ಕೇ. ಅದೂ ಕೈಹೊಲಿಗೆ ಇಲ್ದೆ.”

ಎರಡನೆಯವರು ಔಷಧಿ ಅಂಗಡಿಯ ಮಾಳಿಗೆಯ ಮೇಲಿದ್ದರು. ಸೋಫಾ ಇಲ್ಲ, ಮೀನೂ ಇಲ್ಲ, ಅಗ್ಗ ಇರಬಹುದು ಅಂದುಕೊಂಡ. ನಲವತ್ತೆಂಟು ಪ್ಯಾಂಟು. ಮೂರನೆಯದು ಸರ್ಕಾರಿ ಆಸ್ಪತ್ರೆ. ಅಲ್ಲಿ ಹಲ್ಲಿನ ಕುರ್ಚಿ ಕೆಟ್ಟು ಹೋಗಿತ್ತು, ರಿಪೇರಿಗೆ ಬರೆದಿದ್ದಾರಂತೆ. ಕಿತ್ತುಹಾಕುವುದು ಮಾತ್ರ ಸಾದಾ ಕುರ್ಚಿಯಲ್ಲೇ ಆಗುತ್ತದೆ ಅಂದರು. “ಉಳಿದ ತುಂಡನ್ನೂ ಕಿತ್ತುಬಿಡ್ಲಾ?” ಅಂತ ಅಲ್ಲಿನ ನರ್ಸು ತುಂಬಾ ಪ್ರೀತಿಯಿಂದ ಕೇಳಿದಳಂತೆ. ಇವನು ಎದ್ದು ಬಂದ.

ಅಷ್ಟರಲ್ಲಿ ಶಾಲೆಯಿಂದ ಕರೆ ಬಂತು. ಪ್ರತಿ ವರ್ಷ ಆ ಶಾಲೆಯ ನಾನೂರು ಮಕ್ಕಳ ಯೂನಿಫಾರ್ಮು ಇವನೇ ಹೊಲಿಯುವುದು, ಅದರಲ್ಲೇ ಮನೆಯ ಅರ್ಧ ವರ್ಷ ನಡೆಯುತ್ತದೆ. ಈ ಸಲ ಹೊಸ ದೊಡ್ಡ ಮೇಡಂ ಬಂದಿದ್ದರು. ಪೇಟೆಯ ಒಂದು ದೊಡ್ಡ ರೆಡಿಮೇಡ್ ಅಂಗಡಿಯವರು ಬಣ್ಣಬಣ್ಣದ ಪುಸ್ತಕ ತಂದು ಅವರಿಗೆ ತೋರಿಸಿಯೂ ಹೋಗಿದ್ದರು. ಆರ್ಡರು ಯಾರಿಗೆ ಅನ್ನುವುದು ಮಾತಾಡಿ ತೀರ್ಮಾನ. ಮಾತಾಡಬೇಕು ಅಂದರೆ ಬಾಯಿ ತೆರೆಯಬೇಕು. ಬಾಯಿ ತೆರೆದರೆ ಕಿಟಕಿ ಕಿತ್ತ ಮನೆ. ‘ತನ್ನ ಬಾಯಿಯನ್ನೇ ಒಪ್ಪವಾಗಿ ಇಟ್ಟುಕೊಳ್ಳದವನು ಮಕ್ಕಳ ಬಟ್ಟೆ ಏನು ಒಪ್ಪವಾಗಿ ಹೊಲಿದಾನು’ ಅಂದುಕೊಂಡರೆ? ಇದೇ ಅವನ ತಲೆಯೊಳಗೆ ಕೊರೆಯುತ್ತಿತ್ತು.

ಟೈಲರನ ತಲೆಗೆ ಏನು ಹೊಳೆಯುತ್ತದೆ ಹೇಳು? ಡಬ್ಬಿಯಲ್ಲಿ ಬಿಳಿ ಗುಂಡಿಗಳು ರಾಶಿ ಬಿದ್ದಿವೆ. ಒಂದು ಕೋಟಿನ ಗುಂಡಿ ತೆಗೆದುಕೊಂಡು ಅರದಿಂದ ಉಜ್ಜಿ ಉಜ್ಜಿ ಹಲ್ಲಿನ ಆಕಾರಕ್ಕೆ ತಂದ. ನಡುವಿನ ಎರಡು ತೂತಿಗೆ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದ ಪುಡಿ ತುಂಬಿದ. ದಾರ ನುಣುಪಾಗಲಿ ಅಂತ ಉಜ್ಜುವ ಮೇಣದ ಉಂಡೆ ಇರುತ್ತದಲ್ಲ, ಅದರಿಂದ ಚೂರು ಮುರಿದು, ಬೆರಳಲ್ಲಿ ಮೆತ್ತಗೆ ಮಾಡಿ, ಗುಂಡಿಯನ್ನು ಮುರಿದ ಹಲ್ಲಿನ ಬುಡಕ್ಕೆ ಅಂಟಿಸಿಕೊಂಡ. ಕನ್ನಡಿ ಹಿಡಿದು ನೋಡಿದ. ಅಳತೆ ಸರಿಯಾಗಿತ್ತು, ಕೆಲಸದಲ್ಲಿ ಅವನು ಎಂದೂ ಸುಳ್ಳಲ್ಲ.

“ತುಟಿಗೆ ಒಂದು ಕಾಜಾನೂ ಹೊಲ್ಕೊಳ್ಳಿ, ಬೇಕಾದಾಗ ಬಾಯಿಗೆ ಗುಂಡಿ ಹಾಕಿ ತೆಗೀಬಹುದು” ಅಂದಳು ಹೆಂಡತಿ. ನಗುತ್ತಲೇ ಅಂದಳು, ಆದರೆ ಸೆರಗಿನಿಂದ ಕಣ್ಣು ಒರೆಸಿಕೊಂಡಳಂತೆ. ನಗುವಿಗೋ ಯಾತಕ್ಕೋ, ನಾನು ಕೇಳಲಿಲ್ಲ.

ಶಾಲೆಯಲ್ಲಿ ಎಲ್ಲ ಚೆನ್ನಾಗೇ ನಡೆಯಿತು. ದೊಡ್ಡ ಮೇಡಂ ಕೋಣೆ, ಹಸಿರು ಬಟ್ಟೆ ಹಾಸಿದ ಮೇಜು, ಗೋಡೆಗೆ ಬೀಗದಕೈಗಳ ಹಲಗೆ. ಬಟ್ಟೆ ಹಿಗ್ಗುವುದು, ಕುಗ್ಗುವುದು, ಮಕ್ಕಳು ಬೆಳೆಯುತ್ತಾರೆಂದು ಮಡಿಕೆಯಲ್ಲಿ ಎರಡು ಬೆರಳು ಬಿಡುವುದು, ಎಲ್ಲ ಹೇಳಿದ. ಮೇಡಂ ತಲೆ ಆಡಿಸಿದರು. ಆಗ ಆಯಮ್ಮ ಟೀ ತಂದಳು. ಆಯಮ್ಮ ಅಂದರೆ ಆ ಶಾಲೆಯ ಅಡುಗೆಕೋಣೆ ನೋಡಿಕೊಳ್ಳುವವಳು, ನೀಲಿ ಕೋಟು ತೊಟ್ಟ ವಯಸ್ಸಾದ ಹೆಂಗಸು. ಅವಳ ಕೋಟಿನ ಕುತ್ತಿಗೆಯ ಗುಂಡಿ ಕಿತ್ತುಹೋಗಿರುವುದು ಇವನ ಕಣ್ಣಿಗೆ ಆಗಲೇ ಬಿತ್ತು. ಅವನ ಕಣ್ಣಿಗೆ ಮನುಷ್ಯರಿಗಿಂತ ಮೊದಲು ಗುಂಡಿ ಬೀಳುತ್ತದೆ.

ಟೀ ಬಿಸಿ ಇತ್ತು. ಬೇಡ ಅಂದರೆ ಮರ್ಯಾದೆ ಅಲ್ಲ ಅಂತ ಎರಡು ಗುಟುಕು ಕುಡಿದ. ಮೂರನೆಯದಕ್ಕೆ ಮೇಣ ಕರಗಿತು. ಬಾಯೊಳಗೆ ಏನೋ ಜಾರಿದ ಹಾಗಾಯಿತು, ನಾಲಿಗೆ ಹಾಕಿ ಹುಡುಕುವ ಮೊದಲೇ ಅದು ಕಪ್ಪಿಗೆ ಬಿತ್ತು. ಕಪ್ಪು ಕೆಳಗಿಟ್ಟ. ತುಟಿ ಬಿಗಿದುಕೊಂಡ.

ಆಯಮ್ಮ ಕಪ್ಪು ಎತ್ತುವಾಗ ದೊಡ್ಡ ಮೇಡಂ ಕಣ್ಣು ಅದರೊಳಗೆ ಹೋಯಿತು.

“ನಿಲ್ಲು. ಏನದು ಬೆಳ್ಳಗೆ?”

ಚಮಚದಲ್ಲಿ ಎತ್ತಿದರು. ಸೀಮೆಸುಣ್ಣದ ಪುಡಿ ತೊಳೆದುಹೋಗಿ ಎರಡು ತೂತು ಕಣ್ಣು ಬಿಟ್ಟುಕೊಂಡಿದ್ದವು.

“ಒಡೆದ ಗುಂಡಿ” ಅಂದರು ಮೇಡಂ. “ಹೋದ ವಾರ ಹಾಲಲ್ಲಿ ಕೂದಲು. ಈಗ ಬಂದವರ ಟೀಯಲ್ಲಿ ನಿನ್ನ ಕೋಟಿನ ಗುಂಡಿ.”

“ನಂದಲ್ಲ ಮೇಡಂ. ನನ್ನ ಕೋಟಿನ ಗುಂಡಿ ನೀಲಿ, ನೋಡಿ.”

“ಕಿತ್ತುಹೋದ ಜಾಗಕ್ಕೆ ಯಾವ್ದೋ ಒಂದು ಹಾಕಿರ್ತೀಯ.” ಮೇಡಂ ಇವನ ಕಡೆ ತಿರುಗಿದರು. “ಏನ್ ಮಾಸ್ಟ್ರೇ, ಜನ ಹಾಗೆ ಬೇರೆ ಬಣ್ಣದ್ದು ಹಾಕ್ಕೋತಾರೆ ಅಲ್ವಾ?”

ಇಲ್ಲೇ ನೋಡು ಮಗಾ, ಅವನು ನನ್ನ ಹತ್ತಿರ ಹೇಳುವಾಗ ಇಲ್ಲೇ ನಿಲ್ಲಿಸಿದ್ದು. ಗುಂಡಿಯ ವಿಷಯ ಆ ಕೋಣೆಯಲ್ಲಿ ಅವನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷದ ಮಾಸ್ಟರನ್ನು ಸಾಕ್ಷಿಗೆ ಕರೆದ ಹಾಗಾಯಿತು. ಆಯಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಇವನು ಬಾಯಿ ತೆರೆಯಲಿಲ್ಲ. ತಲೆ ಆಡಿಸಿದ. ಹೌದು ಅನ್ನುವ ಹಾಗೆ ಆಡಿಸಿದ.

“ನಾಳೆಯಿಂದ ಅಡುಗೆಕೋಣೆ ಕಡೆ ಬರಬೇಡ. ಅಂಗಳ ಗುಡಿಸು” ಅಂದರು ಮೇಡಂ ಆಯಮ್ಮನಿಗೆ. ಅವಳು ಹೋದ ಮೇಲೆ ಇವನಿಗೆ, “ನೀವು ಎಂಥ ಸಭ್ಯರು. ಬೇರೆಯವರಾಗಿದ್ರೆ ಕೂಗಾಡ್ತಿದ್ರು. ನೀವು ಒಂದು ಮಾತೂ ಆಡ್ಲಿಲ್ಲ. ಆರ್ಡರು ನಿಮಗೇ” ಅಂದರು. ಕಾಗದಕ್ಕೆ ಸಹಿ ಹಾಕಿಕೊಟ್ಟರು. ಇವನು ತುಟಿ ಬಿಗಿದುಕೊಂಡೇ ಕೈ ಮುಗಿದು ಬಂದ.

ಮನೆಯಲ್ಲಿ ಆರ್ಡರು ಸಿಕ್ಕಿತು ಅಂದ, ಹೆಂಡತಿ ಖುಷಿಪಟ್ಟಳು. ಹಲ್ಲು ಎಲ್ಲಿ ಅಂದಳು. ನುಂಗಿಬಿಟ್ಟೆ ಅಂದ. ಒಂದು ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಹೇಳುವುದು ಎಷ್ಟು ಹೊತ್ತು? ಆದರೆ ಮಾರನೆಯ ದಿನ ಯಾರದೋ ಶರ್ಟಿಗೆ ಎಡತೋಳನ್ನು ಬಲಕ್ಕೆ ಹೊಲಿದ. ಅವನ ಕೈಯಲ್ಲಿ ಅಂಥದ್ದು ನಾನು ಕಂಡಿಲ್ಲ.

ನಾಲ್ಕನೆಯ ದಿನ ಮಕ್ಕಳ ಅಳತೆ ತೆಗೆಯಲು ಶಾಲೆಗೆ ಹೋಗಲೇಬೇಕಾಯಿತು. ಅಂಗಳದಲ್ಲಿ ಬಿಸಿಲು. ಆಯಮ್ಮ ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು ಎಲೆ ಗುಡಿಸುತ್ತಿದ್ದಳು. ಇವನು ಗೋಡೆ ಬದಿಯಿಂದ ಜಾರಿಕೊಳ್ಳಲು ನೋಡಿದ. ಅವಳೇ ಕರೆದಳು.

“ಮಾಸ್ಟ್ರೇ, ಬನ್ನಿ ಇಲ್ಲಿ. ಈ ಕೋಟಿಗೆ ಒಂದು ನೀಲಿ ಗುಂಡಿ ಹಾಕ್ಕೊಡಿ. ನೀಲೀದೇ ಹಾಕಿ. ನಾಳೆ ಇನ್ಯಾರ ಕಪ್ಪಲ್ಲಿ ಏನ್ ಬೀಳುತ್ತೋ.”

ಕೋಟು ಬಿಚ್ಚಿ ಕೊಟ್ಟಳು. ಇವನು ಮೆಟ್ಟಿಲ ಮೇಲೆ ಕೂತು ಚೀಲದಿಂದ ನೀಲಿ ಗುಂಡಿ ತೆಗೆದು ಹೊಲಿದ. ಅವಳು ಪೊರಕೆ ಊರಿಕೊಂಡು ಎದುರಿಗೇ ನಿಂತಿದ್ದಳು. ಗಂಟು ಹಾಕಿದ, ಅಭ್ಯಾಸಬಲ, ಬಾಗಿ ದಾರ ಕಚ್ಚಿದ. ದಾರ ಸಂದಿಯೊಳಗೆ ಜಾರಿತು. ಮತ್ತೆ ಕಚ್ಚಿದ, ಮತ್ತೆ ಜಾರಿತು. ತಲೆ ಎತ್ತಿದರೆ ಆಯಮ್ಮ ಬಾಯಿಯನ್ನೇ ನೋಡುತ್ತಿದ್ದಾಳೆ.

“ಅವತ್ತು ನೀವು ಬಂದಾಗ ಇಲ್ಲಿ ಹಲ್ಲಿತ್ತಲ್ಲ?” ಅಂದಳು.

ಇವನು ದಾರವನ್ನು ಬೆರಳಿಗೆ ಸುತ್ತಿ ಕಿತ್ತ.

“ಇತ್ತು. ಟೀ ಕೊಡುವಾಗ ನಾನೇ ನೋಡಿದ್ದೆ. ಬೆಳ್ಳಗೆ ಇತ್ತು.” ಇನ್ನಷ್ಟು ಬಗ್ಗಿ ನೋಡಿ, “ಆ ಗುಂಡಿ ನಿಮ್ಮದಾ?” ಅಂತ ಕೇಳಿದಳು.

“ನಂದೇ” ಅಂದ.

ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಅತ್ತಿಗೆ, ಅಂದ ನನ್ನ ಹತ್ತಿರ. ಅವಳು ಅಂದಿದ್ದು ಇಷ್ಟೇ: “ಇಪ್ಪತ್ತೆರಡು ವರ್ಷ ಆ ಒಲೆ ಮುಂದೆ ನಿಂತಿದ್ದೀನಿ ಮಾಸ್ಟ್ರೇ. ಇವತ್ತು ಮಕ್ಕಳೆಲ್ಲ ‘ಗುಂಡಿ ಆಯಮ್ಮ’ ಅಂತಾರೆ ನನ್ನ. ನೀವು ಹೌದು ಅಂತ ತಲೆ ಆಡ್ಸಿದ್ರಲ್ಲ, ಆಗ ನಂಗೇ ಅನುಮಾನ ಬಂತು, ನಂದೇ ಇರಬಹುದೇನೋ ಅಂತ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಕೋಟನ್ನು ಅವಳ ಕೈಗಿಟ್ಟು, ಅಳತೆ ಟೇಪನ್ನು ಕುತ್ತಿಗೆಯಲ್ಲಿ ಹಾಕಿಕೊಂಡೇ ನೆಟ್ಟಗೆ ದೊಡ್ಡ ಮೇಡಂ ಕೋಣೆಗೆ ಹೋದ. ಆರ್ಡರಿನ ಕಾಗದ ತೆಗೆದು ಹಸಿರು ಮೇಜಿನ ಮೇಲಿಟ್ಟ. ಆಮೇಲೆ ಬಾಯಿ ಅಗಲ ಮಾಡಿ ತೋರಿಸಿದ. ಎಲ್ಲ ಹೇಳಿದ, ಅರ, ಸೀಮೆಸುಣ್ಣದ ಪುಡಿ, ಮೇಣ, ಅರವತ್ತು ಪ್ಯಾಂಟು, ಕೆಟ್ಟ ಕುರ್ಚಿ, ಒಂದೂ ಬಿಡಲಿಲ್ಲ.

ಮೇಡಂ ನಗಲೂ ಇಲ್ಲ, ಬೈಯಲೂ ಇಲ್ಲ. ಕಾಗದವನ್ನು ಬೆರಳಿನಿಂದ ಅವನ ಕಡೆ ತಳ್ಳಿದರು.

“ಬಟ್ಟೆ ನೀವೇ ಹೊಲೀರಿ. ಹೊಲಿಗೇಲಿ ಏನೂ ತಪ್ಪಿಲ್ಲ. ಆದ್ರೆ ನಾನು ಅವಳನ್ನ ಬೈದಿದ್ದು ಎಲ್ಲರಿಗೂ ಕೇಳಿಸಿದೆ. ಇದೂ ಎಲ್ಲರಿಗೂ ಕೇಳಿಸಬೇಕು. ಬನ್ನಿ, ನಾನೂ ಬರ್ತೀನಿ, ನನ್ನದೂ ತಪ್ಪಿದೆ.”

ಟೀಚರುಗಳು ಕೂರುವ ಕೋಣೆಯಲ್ಲಿ ಹನ್ನೊಂದು ಜನ ಇದ್ದರು. ಆಯಮ್ಮನನ್ನು ಕರೆಸಿದರು. ಇವನು ಬಾಗಿಲ ಹತ್ತಿರ ನಿಂತು, ಹಲ್ಲಿಲ್ಲದ ಬಾಯಲ್ಲಿ, ಗುಂಡಿ ನನ್ನದು, ತಲೆ ಆಡಿಸಿದ್ದೂ ನಾನು, ಆಯಮ್ಮನದು ಏನೂ ತಪ್ಪಿಲ್ಲ ಅಂದ. ಒಬ್ಬ ಚಿಕ್ಕ ಟೀಚರು ಮುಸಿ ನಕ್ಕು ಪುಸ್ತಕದ ಹಿಂದೆ ಮುಖ ಮರೆಸಿಕೊಂಡಳು. ಮೇಡಂ ಕೂಡ ಆಯಮ್ಮನಿಗೆ ತಪ್ಪಾಯ್ತು ಅಂದರು. ಅವಳು ಯಾರಿಗೂ ಆಯ್ತು ಬಿಡಿ ಅನ್ನಲಿಲ್ಲ. ಪೊರಕೆ ಮೂಲೆಗೆ ಒರಗಿಸಿ ಅಡುಗೆಕೋಣೆಗೆ ಹೋದಳು. ಹೋಗುವಾಗ ತಿರುಗಿ, “ಹಲ್ಲಿನ ಕಾಲೇಜಿಗೆ ಹೋಗೋಕೇನಾಗಿತ್ತು? ಓದೋ ಮಕ್ಕಳು ಕಟ್ಟಿಕೊಡ್ತಾರೆ, ನಂದು ಮೂರು ಅಲ್ಲೇ ಕಟ್ಟಿಸಿದ್ದು. ನಾಲ್ಕು ಪ್ಯಾಂಟಿನ ಖರ್ಚೂ ಇಲ್ಲ. ಕೇಳಿದ್ರೆ ಹೇಳ್ತಿದ್ದೆ” ಅಂದಳು.

ಈಗಲೂ ಅವನು ಶಾಲೆಗೆ ಹೋದರೆ ಟೀ ಕೊಡುತ್ತಾಳಂತೆ. ಕೊಡುವ ಮೊದಲು ಎಲ್ಲರೆದುರು ಕಪ್ಪನ್ನು ಬೆಳಕಿಗೆ ಹಿಡಿದು ಒಳಗೆ ನೋಡುತ್ತಾಳೆ, ಆಮೇಲೆ ಕೊಡುತ್ತಾಳೆ. ಕುಡಿದು ಮುಗಿಸಿದ ಮೇಲೂ ಒಂದು ಸಲ ನೋಡುತ್ತಾಳೆ. ಇವನು ತಲೆ ತಗ್ಗಿಸಿ ಕುಡಿಯುತ್ತಾನೆ. ಬೇಡ ಅನ್ನಬಾರದಾ ಅಂದೆ. “ಹೇಗೆ ಬೇಡ ಅನ್ಲಿ ಅತ್ತಿಗೆ?” ಅಂದ.

ಇದಾಗಿ ಒಂದೂವರೆ ತಿಂಗಳಾಯಿತು, ಇನ್ನೂ ಕಾಲೇಜಿಗೆ ಹೋಗಿಲ್ಲ. ಅಲ್ಲಿ ಒಬ್ಬ ಹುಡುಗ ನೋಡಿದರೆ ಹತ್ತು ಹುಡುಗರನ್ನು ಕರೆದು ತೋರಿಸುತ್ತಾನಂತೆ. ಇದು ಹೇಗಾಯಿತು ಅಂತ ಕೇಳುತ್ತಾರೆ, ಬುಡದಲ್ಲಿ ಅಂಟಿರುವ ಮೇಣ ಯಾವುದು ಅಂತ ಕೇಳುತ್ತಾರೆ, ಎಷ್ಟು ಸಲ ಹೇಳಲಿ ಅನ್ನುತ್ತಾನೆ. ಅಂಗಡಿಗೆ ಹೆಂಗಸರು ಬಂದರೆ ಟೇಪಿನ ತುದಿ ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಾನೆ.

ಅದಕ್ಕೇ ನಿನ್ನನ್ನು ಕೂರಿಸಿಕೊಂಡಿದ್ದು. ಹೇಗೂ ನಿನಗೂ ಹಲ್ಲು ಜುಮ್ಮೆನ್ನುತ್ತದೆ. ನಾಳೆ ಬೆಳಿಗ್ಗೆ ಏಳಕ್ಕೇ ಹಲ್ಲಿನ ಕಾಲೇಜಿಗೆ ಹೋಗಿ ಸಾಲಿನಲ್ಲಿ ನಿಲ್ಲು, ಎಂಟಕ್ಕೆ ಕಿಟಕಿ ತೆಗೆಯುತ್ತಾರೆ, ಎರಡು ಟೋಕನ್ ತಗೋ, ನಿನಗೊಂದು, ಅವನಿಗೊಂದು. ಅಲ್ಲಿಂದ ಅಂಗಡಿಗೆ ಹೋಗಿ ಅವನ ಮೆಶಿನ್ನಿನ ಮೇಲೆ ಬಟ್ಟೆ ಮುಚ್ಚು, ಶೆಟರು ನೀನೇ ಎಳಿ, ಕೈ ಹಿಡಿದು ಕರೆದುಕೊಂಡು ಹೋಗು. ಆ ಹುಡುಗರು ಹೇಗಾಯಿತು ಅಂತ ಕೇಳಿದರೆ ಅವನ ಬದಲು ನೀನು ಹೇಳು.