ಪುರೋಹಿತರ ಗಡಿಯಾರದ ಕಲ್ಲು

ಬಾಣಾವರದ ಸುತ್ತಮುತ್ತ ಮದುವೆ ಮಾಡಿಸುತ್ತಿದ್ದ ನಮ್ಮ ಮನೆಯ ಪುರೋಹಿತರು ಮೊಬೈಲಿನ ಟೈಮನ್ನು ನಂಬುತ್ತಿರಲಿಲ್ಲ. "ಅದು ಟವರನ್ನ ಕೇಳಿ ಹೇಳತ್ತೆ. ಕಲ್ಲು ಯಾರನ್ನೂ ಕೇಳಲ್ಲ ಕಣಮ್ಮ" ಎಂದು ಕೈಗಡಿಯಾರವನ್ನು ತಟ್ಟುತ್ತಿದ್ದರು. ಅದರೊಳಗೆ ಅಕ್ಕಿಕಾಳಿನಷ್ಟು ಬೆಣಚುಕಲ್ಲಿದೆ, ಸೆಲ್ಲಿನ ಕರೆಂಟು ತಾಗಿದರೆ ಅದು ಒಂದೇ ಸಮನೆ ಕಂಪಿಸುತ್ತದೆ, ಆ ಕಂಪನವನ್ನು ಎಣಿಸಿಕೊಂಡೇ ಮುಳ್ಳು ಮುಂದೆ ಹೋಗುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ.

ನನ್ನ ಮದುವೆಯ ದಿನ ಅಂತರಪಟದ ಈಚೆ ಜೀರಿಗೆ ಬೆಲ್ಲ ಹಿಡಿದು ನಿಂತಿದ್ದೆ. ಪುರೋಹಿತರು ಒಂದು ಕೈಯನ್ನು ಅರ್ಧ ಎತ್ತಿ, ಇನ್ನೊಂದು ಕೈಯ ಗಡಿಯಾರವನ್ನೇ ನೋಡುತ್ತಿದ್ದರು. ಓಲಗದವರ ಕಣ್ಣೆಲ್ಲ ಎತ್ತಿದ ಆ ಕೈಯ ಮೇಲೆ. ಮಂಗಳಾಷ್ಟಕ ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಕೈ ಮೇಲೇಳಲಿಲ್ಲ.

"ಇನ್ನೂ ಎಷ್ಟೊತ್ತು ಶಾಸ್ತ್ರಿಗಳೇ?" ಎಂದರು ಅಪ್ಪ ಹಿಂದಿನಿಂದ.

ನಾನು ಓರೆಗಣ್ಣಿನಲ್ಲಿ ನೋಡಿದೆ. ಸೆಕೆಂಡಿನ ಮುಳ್ಳು ಒಂದೇ ಗೆರೆಯ ಮೇಲೆ ಮಿಡುಕುತ್ತಿತ್ತು. ಕಲ್ಲು ಕಂಪಿಸುತ್ತಲೇ ಇತ್ತು. ಮುಳ್ಳನ್ನು ದೂಡುವಷ್ಟು ಶಕ್ತಿ ಸೆಲ್ಲಿನಲ್ಲಿ ಉಳಿದಿರಲಿಲ್ಲ. ಯಾವಾಗ ನಿಂತಿತೋ, ಮುಹೂರ್ತ ಮೀರಿತೋ ಇಲ್ಲವೋ, ಹೇಳುವವರಿಲ್ಲ. ಅವರಿಗೂ ಅದು ಆಗಲೇ ಹೊಳೆಯಿತು. ನಾನು ನೋಡಿದ್ದನ್ನೂ ಅವರು ನೋಡಿದರು. ನಾನು ತಲೆ ತಗ್ಗಿಸಿದೆ.

"ಗಟ್ಟಿಮೇಳ" ಎಂದು ಅವರು ಕೈ ಎತ್ತಿದರು.

ಆಮೇಲೆ ಎಲ್ಲಿ ಸಿಕ್ಕರೂ, ಅರಸೀಕೆರೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಾದರೂ ಸರಿ, "ಇಬ್ಬರೂ ಚೆನ್ನಾಗಿದ್ದೀರೇನಮ್ಮ?" ಎಂದು ಕೇಳುತ್ತಿದ್ದರು. ಎಲ್ಲರೂ ಕೇಳುವ ಮಾತೇ ಅದು. ಆದರೆ ಉತ್ತರ ಬರುವವರೆಗೆ ಅವರು ಉಸಿರು ಬಿಗಿಹಿಡಿದಿರುತ್ತಿದ್ದರು.